ಸಂತೆ ಮುರಿಯುವ ಹೊತ್ತಿನ ಲೆಕ್ಕ

ಕೆಲಮಂಗಲದ ಸುತ್ತಮುತ್ತಲ ಹೊಲಗಳಲ್ಲಿ ಟೊಮೇಟೊ, ಎಲೆಕೋಸು, ಬೀಟ್‌ರೂಟ್, ಹುರುಳಿಕಾಯಿ ಸಮೃದ್ಧವಾಗಿ ಬೆಳೆಯುತ್ತವೆ. ರಾಯಕೋಟೆ, ಹೊಸೂರುಗಳ ಮಂಡಿಗಳ ಮೂಲಕ ಬೆಂಗಳೂರಿಗೂ ಚೆನ್ನೈಗೂ ಸಾಗುತ್ತವೆ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿದ ತಾಯಿಯು ಚೀಲ ಹಿಡಿದು ಸಂತೆಗೆ ಬರುವುದು ಹೊತ್ತು ಇಳಿದ ಮೇಲೆಯೇ. ಬೆಳಗಿನ ಕೂಲಿಯನ್ನು ಬಿಡಲಾಗದು ಎಂಬುದು ಒಂದು ಕಾರಣ. ಸಂತೆ ಮುರಿಯುವ ಹೊತ್ತಿಗೆ ಮಿಕ್ಕ ಕಾಯಿಯನ್ನು ಗುಡ್ಡೆಯ ಲೆಕ್ಕದಲ್ಲಿ ಅಗ್ಗವಾಗಿ ಕೊಡುತ್ತಾರೆ ಎಂಬುದು ಇನ್ನೊಂದು.

ಬಡವರಿಗೆ ಯಾವ ತರಕಾರಿ ಒಳ್ಳೆಯದೆಂಬ ತಿಳಿವಳಿಕೆಯಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ತಾಯಿಯ ಪಕ್ಕದಲ್ಲಿ ಒಂದು ಗಳಿಗೆ ನಿಂತು ನೋಡಿದವರು ಹಾಗೆನ್ನಲಾರರು. ಒಂದೊಂದು ಕಾಯಿಯನ್ನು ಮುಟ್ಟುವಾಗಲೂ ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಇದು ಎಷ್ಟು ಬಾಯಿಗೆ ಆದೀತು? ಫ್ರಿಜ್ ಇಲ್ಲದ ಮನೆಯಲ್ಲಿ ಎಷ್ಟು ದಿನ ಕೆಡದೆ ಉಳಿದೀತು? ಬೇಯಿಸಲು ಗ್ಯಾಸು ಎಷ್ಟು, ಒಗ್ಗರಣೆಗೆ ಎಣ್ಣೆ ಎಷ್ಟು? ಮಕ್ಕಳು ತಟ್ಟೆಯಲ್ಲಿಯೇ ಬಿಟ್ಟರೆ?

ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದುದು. ಕೈಯಲ್ಲಿ ಹಣವಿದ್ದವರು ಹೊಸದೊಂದು ತರಕಾರಿಯನ್ನು ತಂದು ನೋಡಬಹುದು. ಮಕ್ಕಳು ಒಲ್ಲೆವೆಂದರೆ ಬೇರೆ ಮಾಡಬಹುದು. ಕೂಲಿಯವರ ಮನೆಯಲ್ಲಿ ಬಿಟ್ಟ ಪಲ್ಯವೆಂದರೆ ಕಳೆದುಹೋದ ದುಡ್ಡು. ಆದುದರಿಂದಲೇ ಈರುಳ್ಳಿ, ಆಲೂಗಡ್ಡೆಗಳು ಚೀಲಕ್ಕೆ ಮೊದಲು ಬೀಳುತ್ತವೆ. ಅವು ಬೇಗ ಕೆಡುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ. ಸಾರಿನಲ್ಲಿ ಒದಗುವ ಮೂಲಂಗಿ, ಬದನೆ, ಕುಂಬಳಗಳದು ಅನಂತರದ ಸರದಿ.

ತಮಿಳುನಾಡಿನಲ್ಲಿ 2011ರ ಜೂನ್ ತಿಂಗಳಿಂದ ಪಡಿತರದ ಅಕ್ಕಿ ಉಚಿತವಾಗಿದೆ. ಬೇಳೆ, ಎಣ್ಣೆಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ. ತರಕಾರಿಯನ್ನು ಮಾತ್ರ ಕೈಯ ಕಾಸಿನಿಂದಲೇ ಕೊಳ್ಳಬೇಕು. ಬಾಡಿಗೆ, ಸಾಲದ ಕಂತು, ಔಷಧ ಇವನ್ನು ಮುಂದೂಡಲಾಗದು. ಕತ್ತರಿ ಬೀಳುವುದು ತರಕಾರಿಗೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ವಯಸ್ಕರೊಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆನ್ನುತ್ತದೆ. ಮಕ್ಕಳಿಗೆ ಸ್ವಲ್ಪ ಕಡಿಮೆ ಹಿಡಿದರೂ ಐವರ ಮನೆಗೆ ದಿನಕ್ಕೆ ಒಂದೂವರೆ ಕಿಲೋ, ವಾರಕ್ಕೆ ಹತ್ತು ಕಿಲೋಗೂ ಮಿಕ್ಕಿ ಬೇಕು. ಕಿಲೋಗೆ 30 ರೂಪಾಯಿಯೆಂದರೂ ವಾರಕ್ಕೆ 300 ರೂಪಾಯಿ ದಾಟುತ್ತದೆ. ಅರಿವಿದ್ದರೂ ಹಣವೆಲ್ಲಿ?

ಬೆಲೆಯ ಏರಿಳಿತವೂ ಕೂಲಿಯವರಿಗೆ ಒಲಿಯುವುದಿಲ್ಲ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿದಾಗ ಬಡವರ ಸಾರಿಗೆ ಹುಣಿಸೆಯ ಹುಳಿಯೇ ಗತಿಯಾಯಿತು. ಬೆಲೆ ನೆಲಕಚ್ಚಿದಾಗಲಾದರೂ ಸುಖವೇ? ರೈತನು ಕೊಯ್ಲನ್ನೇ ನಿಲ್ಲಿಸುತ್ತಾನೆ. ಕಾಯಿ ಅಗ್ಗವಾದ ದಿನ ಕೂಲಿಯೇ ಇರುವುದಿಲ್ಲ.

ಈ ಇಕ್ಕಟ್ಟಿನಲ್ಲಿ ನಮ್ಮ ಹಿರಿಯರನ್ನು ಕಾಪಾಡಿದ್ದು ಸೊಪ್ಪು. ಅಣ್ಣೆ, ಹೊನಗೊನ್ನೆ, ಗೋಣಿ, ಗಣಿಕೆ, ಕಿರಕೀರೆ: ಕಳೆಯೆಂದು ಕಿತ್ತದ್ದೇ ಮಡಿಲು ತುಂಬಿ ಮನೆಗೆ ಬಂದು, ಬೆರಕೆ ಸೊಪ್ಪಿನ ಬಸ್ಸಾರಾಗಿ ರಾಗಿಮುದ್ದೆಯ ಜೊತೆ ಸೇರುತ್ತಿತ್ತು. ದುಡ್ಡಿಲ್ಲದೆ ದೊರೆತ ಆ ಊಟದಲ್ಲಿ ಕಬ್ಬಿಣದ ಅಂಶವೂ ಸುಣ್ಣದ ಅಂಶವೂ ಇದ್ದವು. ಇಂದು ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಆ ಸೊಪ್ಪುಗಳು ಏಳುವುದಿಲ್ಲ. ಎದ್ದರೂ ಔಷಧಿ ಹೊಡೆದ ಹೊಲದ ಸೊಪ್ಪನ್ನು ತಿನ್ನಬಾರದು. ಹೀಗೆ ಬಡವರ ಪಾಲಿನ ಬಿಟ್ಟಿ ತರಕಾರಿಯೂ ಸದ್ದಿಲ್ಲದೆ ಕೈಬಿಟ್ಟುಹೋಗುತ್ತಿದೆ.

ನಷ್ಟ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆಯಿದೆ. ರಕ್ತಹೀನತೆಯಿರುವ ಮಗು ಬೇಗ ದಣಿಯುತ್ತದೆ. ಪಾಠದ ಮೇಲೆ ಅದರ ಮನಸ್ಸು ನಿಲ್ಲುವುದು ಕಷ್ಟ. ಶಾಲೆಯ ಊಟ ಒಂದಿಷ್ಟು ಆಸರೆ. ಉಳಿದುದು ಮನೆಯ ಒಲೆಯದೇ ಹೊಣೆ.

ಪೋಷಕರಲ್ಲಿ ಕೆಲವು ಅರಿಕೆಗಳು. ಹಿತ್ತಲಲ್ಲಿ ಎರಡಡಿ ಜಾಗವಿದ್ದರೂ ನುಗ್ಗೆಯ ಕೊಂಬೆಯೊಂದನ್ನು ನೆಡಿ. ಅದು ಚಿಗುರಿ ವರ್ಷವೆಲ್ಲ ಸೊಪ್ಪು ಕೊಡುತ್ತದೆ. ಸಂತೆಯಲ್ಲಿ ಬೇರೇನನ್ನು ಬಿಟ್ಟರೂ ಒಂದು ಕಟ್ಟು ಸೊಪ್ಪನ್ನು ಬಿಡಬೇಡಿ. ಅದನ್ನು ಮೊದಲ ದಿನವೇ ಬೇಯಿಸಿ, ಗಡ್ಡೆಗಳನ್ನು ವಾರದ ಕೊನೆಗೆ ಇಟ್ಟುಕೊಳ್ಳಿ. ಸೊಪ್ಪಿನ ಸಾರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಉಂಡೊಡನೆ ಕಾಫಿ, ಚಹಾ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ.

ಮಕ್ಕಳಿಗೂ ಒಂದು ಕೆಲಸವಿದೆ. ಈ ರಜೆಯಲ್ಲಿ ಅಜ್ಜಿಯ ಜೊತೆ ಔಷಧಿ ಸೋಂಕದ ಬದುವಿಗೆ ಹೋಗಿ, ಅವರು ತೋರಿಸುವ ಹತ್ತು ಸೊಪ್ಪುಗಳ ಹೆಸರನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಒಂದೊಂದು ಎಲೆಯನ್ನು ಅಂಟಿಸಿಕೊಳ್ಳಲಿ. ಗುರುತು ಸಂದೇಹವಾದುದನ್ನು ಮಾತ್ರ ಕೀಳದಿರಲಿ. ಹೆಸರು ಮರೆತ ದಿನ ಆ ಸೊಪ್ಪು ನಮಗೆ ಬರಿಯ ಕಳೆಯಾಗಿ ಕಾಣತೊಡಗುತ್ತದೆ.