ಮಧುಮೇಹಿಗಳ ಪಾರ್ಶ್ವವಾಯು: ರಕ್ತಪರೀಕ್ಷೆ ನುಡಿಯುವ ಮುನ್ಸೂಚನೆ



ಕಳೆದ ಶ್ರಾವಣದಲ್ಲಿ ಹಿರಿಯ ಭಕ್ತರೊಬ್ಬರು ಮಗನ ಹೆಗಲು ಹಿಡಿದು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹನ್ನೆರಡು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ತಿಂಗಳ ಹಿಂದೆ ಒಂದು ಮುಂಜಾನೆ ಪೂಜೆಗೆ ಕುಳಿತಾಗ ಎಡ ಅಂಗೈಯಲ್ಲಿದ್ದ ಇಷ್ಟಲಿಂಗ ಜಾರಿತಂತೆ. ನಿದ್ದೆಗೆಟ್ಟ ನಿಶ್ಶಕ್ತಿಯೆಂದು ಭಾವಿಸಿ ಮಲಗಿಬಿಟ್ಟರು. ಆಸ್ಪತ್ರೆ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮಗ ವರದಿಗಳ ಕಟ್ಟನ್ನು ಮೇಜಿನ ಮೇಲಿಟ್ಟು, "ಅಪ್ಪಾರು ಮೊದಲಿನಂಗ ಆಗ್ತಾರೇನ್ರಿ? ಇದರಾಗ ಏನರ ಬರದೈತೇನ್ರಿ?" ಎಂದು ಕೇಳಿದ. ಹಿರಿಯರ ಪ್ರಶ್ನೆ ಬೇರೆಯಿತ್ತು: "ಲಿಂಗ ಮತ್ತ ಈ ಕೈಯಾಗ ನಿಂದರ್ತೈತೇನ್ರಿ?"

ಈ ಎರಡು ಪ್ರಶ್ನೆಗಳಿಗೆ ಉತ್ತರವಾಗಿ ಈ ಲೇಖನ.

ಎರಡು ಮಹಾವ್ಯಾಧಿಗಳ ನಂಟು

ಸುಶ್ರುತರು ಹೆಸರಿಸಿದ ಎಂಟು ಮಹಾಗದಗಳಲ್ಲಿ ವಾತವ್ಯಾಧಿಯೂ ಪ್ರಮೇಹವೂ ಸೇರಿವೆ. ಪಕ್ಷಾಘಾತವು ವಾತವ್ಯಾಧಿಗಳಲ್ಲೊಂದು, ಮಧುಮೇಹವು ಪ್ರಮೇಹಗಳಲ್ಲೊಂದು. ಪಕ್ಷಾಘಾತದಲ್ಲಿ ಯಾವುದು ಸಾಧ್ಯ, ಯಾವುದು ಕಷ್ಟಸಾಧ್ಯ, ಯಾವುದು ಅಸಾಧ್ಯವೆಂದು ಮೊದಲೇ ತಿಳಿಯಬೇಕೆಂಬುದು ಅಂದಿನ ವೈದ್ಯರ ನಿಯಮ. ಇಂದಿನ ವೈದ್ಯವಿಜ್ಞಾನ ಅದೇ ಪ್ರಶ್ನೆಯನ್ನು ರಕ್ತದ ಹನಿಯಲ್ಲಿ ಹುಡುಕುತ್ತಿದೆ.

ಮಧುಮೇಹವು ರಕ್ತನಾಳಗಳ ಒಳಪದರವನ್ನು ವರ್ಷಗಟ್ಟಲೆ ಸವೆಸುತ್ತದೆ. ಆದ್ದರಿಂದ ಮಧುಮೇಹಿಗಳಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಬಂದ ಮೇಲೆ ಚೇತರಿಕೆಯೂ ನಿಧಾನ.

ಸಕ್ಕರೆಯ ಎರಡು ಅಂಕಿಗಳು

ಮೊದಲನೆಯದು ಆಸ್ಪತ್ರೆಗೆ ಸೇರಿದ ಗಳಿಗೆಯ ಸಕ್ಕರೆ. ಮೆದುಳಿಗೆ ಪೆಟ್ಟಾದೊಡನೆ ದೇಹವು ಕಾರ್ಟಿಸಾಲ್, ಅಡ್ರಿನಲಿನ್‌ಗಳನ್ನು ಸುರಿಸುತ್ತದೆ, ಸಕ್ಕರೆ ಏರುತ್ತದೆ. ಆಮ್ಲಜನಕವಿಲ್ಲದ ಮೆದುಳಿನ ಭಾಗದಲ್ಲಿ ಆ ಸಕ್ಕರೆ ಲ್ಯಾಕ್ಟಿಕ್ ಆಮ್ಲವಾಗಿ ಜೀವಕೋಶಗಳಿಗೆ ಇನ್ನಷ್ಟು ಹಾನಿ ಮಾಡುತ್ತದೆ.

ಎರಡನೆಯದು ಎಚ್‌ಬಿಎ1ಸಿ. ಇದು ಹಿಂದಿನ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ. ಇದನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಸಕ್ಕರೆಯ ಅಂದಾಜು ದೊರೆಯುತ್ತದೆ.

ಇವೆರಡನ್ನೂ ಕೂಡಿಸಿಯೇ ಓದಬೇಕು. ಇಬ್ಬರು ರೋಗಿಗಳು 240 ಸಕ್ಕರೆಯೊಡನೆ ಬಂದರೆನ್ನಿ. ಒಬ್ಬರ ಎಚ್‌ಬಿಎ1ಸಿ 10, ಅಂದರೆ ಅವರ ಸರಾಸರಿಯೇ 240. ಇನ್ನೊಬ್ಬರದು 6, ಸರಾಸರಿ ಸುಮಾರು 126. ಅವರ ಸಕ್ಕರೆ ಒಮ್ಮೆಲೇ ಇಮ್ಮಡಿಯ ಸಮೀಪ ಜಿಗಿದಿದೆ. ಅಂಕಿ ಒಂದೇ, ಅರ್ಥ ಬೇರೆ. ಇಂಥ ಹಠಾತ್ ಜಿಗಿತ ಕಂಡವರಲ್ಲಿ ಚೇತರಿಕೆ ಕಠಿಣವಾಗುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಾಗೆಂದು ಮೊದಲನೆಯವರು ನಿಶ್ಚಿಂತರಲ್ಲ. ಅವರ ನಾಳಗಳು ಬಹುಕಾಲದಿಂದ ಸವೆದಿವೆ. ರಕ್ತಹೀನತೆಯಿದ್ದವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು, ವೈದ್ಯರಿಗೆ ತಿಳಿಸಿರಿ.

ಇತರ ಸಾಕ್ಷಿಗಳು

ಸಾಮಾನ್ಯ ರಕ್ತಕಣ ಎಣಿಕೆಯಲ್ಲಿ ನ್ಯೂಟ್ರೋಫಿಲ್ ಹೆಚ್ಚಿ ಲಿಂಫೋಸೈಟ್ ತಗ್ಗಿದ್ದರೆ, ಸಿಆರ್‌ಪಿ ಏರಿದ್ದರೆ, ಒಳಗೆ ಉರಿಯೂತ ಬಲವಾಗಿದೆಯೆಂದು ಅರ್ಥ. ಅದು ಸೋಂಕಿನಿಂದಲೂ ಆಗಬಹುದು. ಕ್ರಿಯಾಟಿನಿನ್ ಮೂತ್ರಪಿಂಡದ ಸ್ಥಿತಿಯನ್ನೂ, ಎನ್‌ಟಿ-ಪ್ರೊಬಿಎನ್‌ಪಿ ಹೃದಯದ ಆಯಾಸವನ್ನೂ ಹೇಳುತ್ತವೆ. ನ್ಯೂರೋಫಿಲಮೆಂಟ್ ಎಂಬುದು ಗಾಯಗೊಂಡ ನರತಂತುಗಳಿಂದ ರಕ್ತಕ್ಕೆ ಸೇರುವ ಪ್ರೋಟೀನು. ಅದಿನ್ನೂ ಬಹುಮಟ್ಟಿಗೆ ಸಂಶೋಧನೆಯ ಮಟ್ಟದಲ್ಲಿದೆ. ನಾಳ ಕಟ್ಟಿ ಪಾರ್ಶ್ವವಾಯು ಬಂದವರಲ್ಲಿ ಎಲ್‌ಡಿಎಲ್ ಕೊಬ್ಬನ್ನು 70ಕ್ಕಿಂತ ಕೆಳಗಿಡುವುದು ಮರುಕಳಿಕೆ ತಡೆಯಲು ನೆರವಾಗುತ್ತದೆ.

ಆದರೆ ಇವಾವುವೂ ಹಣೆಬರಹವಲ್ಲ. ರೋಗಿಯ ವಯಸ್ಸು, ಮೊದಲ ದಿನದ ದೌರ್ಬಲ್ಯ, ಮೆದುಳಿಗಾದ ಗಾಯದ ಗಾತ್ರ, ಚಿಕಿತ್ಸೆ ದೊರೆತ ಸಮಯ — ಇವುಗಳ ಮಾತೇ ದೊಡ್ಡದು. ಅಂಕಿ ಕೆಟ್ಟಿದೆಯೆಂದು ಅಂಗಸಾಧನೆಯನ್ನು ಕೈಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಆ ನಷ್ಟ ರೋಗದಿಂದಾದುದಲ್ಲ, ನಿರಾಶೆಯಿಂದಾದುದು.

ತಡವಾಗಿ ಇಳಿಸಿದರೆ ಸಾಲದು

ಸಕ್ಕರೆ ಏರಿದ್ದರೆ ಕೂಡಲೇ ಇಳಿಸಿದರಾಯಿತಲ್ಲವೇ? 2019ರಲ್ಲಿ ಪ್ರಕಟವಾದ ಅಮೆರಿಕದ 'ಶೈನ್' ಅಧ್ಯಯನ ಇದನ್ನೇ ಪರೀಕ್ಷಿಸಿತು. 1,151 ರೋಗಿಗಳಲ್ಲಿ ಒಂದು ಗುಂಪಿನ ಸಕ್ಕರೆಯನ್ನು 80–130ಕ್ಕೆ ಬಿಗಿಯಾಗಿ ಇಳಿಸಿದರು, ಇನ್ನೊಂದು ಗುಂಪಿನದನ್ನು 180ರೊಳಗೆ ಇಟ್ಟರು. ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ; ಸಕ್ಕರೆ ತೀರಾ ಕುಸಿದ ಪ್ರಸಂಗಗಳು ಮಾತ್ರ ಬಿಗಿಯಾಗಿ ಇಳಿಸಿದ ಗುಂಪಿನಲ್ಲಿ ಕಂಡವು. ಪಾರ್ಶ್ವವಾಯು ಬಂದ ದಿನದ ಅವಸರವು ಹಿಂದಿನ ವರ್ಷಗಳ ಅಲಕ್ಷ್ಯವನ್ನು ತುಂಬಿಕೊಡದು. ದಾಸೋಹದ ಗೋಧಿ ಹುಗ್ಗಿಯನ್ನು ಪ್ರಸಾದವೆಂದು ಒಂದು ತುತ್ತು ಸ್ವೀಕರಿಸಿರಿ. ಅದರಿಂದ ಭಕ್ತಿಗೆ ಕೊರತೆಯಾಗದು.

ಆಯುರ್ವೇದ ವೈದ್ಯನಾಗಿ ಒಂದು ಮಾತು

ಪೂಜೆಯಲ್ಲಿ ಕೈ ಜಾರಿದರೆ, ವಿಭೂತಿ ಧರಿಸುವಾಗ ಕನ್ನಡಿಯಲ್ಲಿ ಬಾಯಿ ಓರೆಯಾಗಿ ಕಂಡರೆ, ಮಾತು ತೊದಲಿದರೆ, ಅದೇ ಕ್ಷಣ 108ಕ್ಕೆ ಕರೆ ಮಾಡಿರಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಲಕ್ಷಣ ಕಂಡಾಗಿನಿಂದ ನಾಲ್ಕೂವರೆ ಗಂಟೆ. ಸಕ್ಕರೆ ಕುಸಿದಾಗಲೂ ಪಾರ್ಶ್ವವಾಯುವಿನಂಥ ಲಕ್ಷಣ ತೋರಬಹುದಾದ್ದರಿಂದ ಗ್ಲುಕೋಮೀಟರ್ ಇದ್ದರೆ ಪರೀಕ್ಷಿಸಿರಿ. ಅದಕ್ಕಾಗಿ ಹೊರಡುವುದು ತಡವಾಗಬಾರದು. ಬಾಯಿಗೆ ನೀರು, ಮಾತ್ರೆ, ಕಷಾಯ ಹಾಕಬೇಡಿರಿ. ಮೂಗಿಗೆ ರಸ ಹಿಂಡಬೇಡಿರಿ. ಲಕ್ವದ ಔಷಧಿಗೆಂದು ಊರೂರು ಅಲೆಯಬೇಡಿರಿ. ನನ್ನ ಬಳಿಗೂ ಆ ಗಳಿಗೆಯಲ್ಲಿ ಬರಬೇಡಿರಿ. ಅಭ್ಯಂಗ, ಸ್ವೇದನ, ಬಸ್ತಿಗಳಿಗೆ ಸ್ಥಾನವಿರುವುದು ಅಪಾಯ ಕಳೆದ ಮೇಲೆ, ನರರೋಗ ತಜ್ಞರ ಔಷಧಿಗಳನ್ನು ನಿಲ್ಲಿಸದೆ.

ಆ ಹಿರಿಯರಿಗೆ ನಾನು ಭರವಸೆಯ ಅಂಕಿ ಕೊಡಲಿಲ್ಲ. ದಿನಕ್ಕೆರಡು ಬಾರಿ ಕೈಸಾಧನೆ ಹೇಳಿದೆ, ಸಕ್ಕರೆಯ ಲೆಕ್ಕ ಬರೆದಿಡಲು ಮಗನಿಗೆ ಹೇಳಿದೆ. ಈಗ ಅವರು ಬಲಗೈಯ ಆಸರೆಯಿಂದ ಎಡ ಅಂಗೈಯನ್ನು ಎತ್ತಿಹಿಡಿದು ಪೂಜೆ ಮಾಡುತ್ತಾರೆ. ಬೆರಳುಗಳು ಪೂರ್ಣ ಮಡಚುವುದಿಲ್ಲ. ಲಿಂಗ ಮಾತ್ರ ನಿಲ್ಲುತ್ತದೆ.