ಪೆಪ್ಸಿನ್ನಿನ ಬಾಯಿಗೆ ಬೀಗ

ನಾವು ಉಂಡ ಬೇಳೆ, ಕುಡಿದ ಹಾಲು ಜಠರವನ್ನು ಸೇರಿದೊಡನೆ ಅವುಗಳಲ್ಲಿರುವ ಪ್ರೋಟೀನುಗಳನ್ನು ಕತ್ತರಿಸತೊಡಗುವ ಕಿಣ್ವವೇ ಪೆಪ್ಸಿನ್. ಇದರ ದಾಯಾದಿಯಾದ ಕೆಥೆಪ್ಸಿನ್-ಡಿ ಎಂಬ ಕಿಣ್ವವು ನಮ್ಮ ಜೀವಕೋಶಗಳೊಳಗಿನ ಪುಟ್ಟ ಚೀಲಗಳಲ್ಲಿ ಅಡಗಿರುತ್ತದೆ. ವಿಜ್ಞಾನಿಯು ಯಾವುದೋ ಒಂದು ಪ್ರೋಟೀನನ್ನು ಪರೀಕ್ಷಿಸಲೆಂದು ಕೋಶಗಳನ್ನು ಅರೆದಾಗ ಈ ಚೀಲಗಳೂ ಒಡೆಯುತ್ತವೆ. ಹೊರಬಿದ್ದ ಕಿಣ್ವಗಳು ಆತನಿಗೆ ಬೇಕಾದ ವಸ್ತುವನ್ನೇ ತುಂಡರಿಸಿಬಿಡುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಇದನ್ನು ತಡೆಯುವುದೆಂತು?

ಉತ್ತರವು ಸೂಕ್ಷ್ಮಜೀವಿಗಳಿಂದ ದೊರೆಯಿತು. ಜಪಾನಿನ ಹಮಾವೊ ಉಮೆಜಾವ ಅವರು 1957ರಲ್ಲಿ ಕ್ಯಾನಮೈಸಿನ್ ಎಂಬ ಪ್ರತಿಜೈವಿಕ ಔಷಧವನ್ನು ಬೆಳಕಿಗೆ ತಂದವರು. ಇಂತಹ ಔಷಧಗಳನ್ನು ನೀಡುವ ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳು ಕಿಣ್ವಗಳನ್ನು ತಡೆಯುವ ವಸ್ತುಗಳನ್ನೂ ತಯಾರಿಸುತ್ತಿರಬಹುದೆಂದು ಅವರು ಅರಸಿದರು. ಅವರೂ ಅವರ ಸಂಗಡಿಗರೂ 1970ರಲ್ಲಿ ಪ್ರಕಟಿಸಿದ ಅಂತಹ ವಸ್ತುವೇ ಪೆಪ್‌ಸ್ಟ್ಯಾಟಿನ್.

ಇದರ ಕಾರ್ಯವಿಧಾನವು ಸ್ವಾರಸ್ಯವಾಗಿದೆ. ಪೆಪ್ಸಿನ್ನಿನಲ್ಲಿರುವ ಎರಡು ಆಸ್ಪಾರ್ಟಿಕ್ ಆಮ್ಲಗಳು ನೀರಿನ ಒಂದು ಅಣುವನ್ನು ಪ್ರಚೋದಿಸಿ ಪ್ರೋಟೀನಿನ ಸರಪಳಿಯನ್ನು ಕಡಿಯುತ್ತವೆ. ಕಡಿಯುವ ಮುನ್ನ ಸರಪಳಿಯು ಕ್ಷಣಕಾಲ ಒಂದು ವಿಶಿಷ್ಟ ಆಕಾರವನ್ನು ತಳೆಯುತ್ತದೆ. ಪೆಪ್‌ಸ್ಟ್ಯಾಟಿನ್‌ನಲ್ಲಿರುವ ಸ್ಟ್ಯಾಟಿನ್ ಎಂಬ ಅಪರೂಪದ ಅಮೈನೊ ಆಮ್ಲವು ಆ ಆಕಾರವನ್ನೇ ಹೋಲುತ್ತದೆ. ಮೋಸಹೋದ ಕಿಣ್ವವು ಅದನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆದರೆ ಕಡಿಯಲಾರದು, ಸುಲಭವಾಗಿ ಬಿಡಲಾರದು. ಬೀಗದಲ್ಲಿ ಸಿಕ್ಕಿಕೊಂಡು ತಿರುಗದ ಕೀಲಿಕೈಯಂತೆ ಅದು ಅಲ್ಲಿಯೇ ನಿಲ್ಲುತ್ತದೆ.

ಟ್ರಿಪ್ಸಿನ್ನಿನಂತಹ ಬೇರೆ ಬಗೆಯ ಕಿಣ್ವಗಳನ್ನು ಪೆಪ್‌ಸ್ಟ್ಯಾಟಿನ್ ತಡೆಯದು. ಆದುದರಿಂದ ಕೋಶಗಳನ್ನು ಅರೆಯುವಾಗ ಇದರೊಡನೆ ಇತರ ಪ್ರತಿಬಂಧಕಗಳನ್ನೂ ಬೆರೆಸುವುದು ರೂಢಿ. ಇದೊಂದು ಕೊರತೆಯಲ್ಲವೆ ಎಂದು ವಾಚಕರು ಕೇಳಬಹುದು. ಆದರೆ ಈ ಕೊರತೆಯೇ ಒಂದು ಗುಣ. ಅಪರಿಚಿತವಾದ ಕಿಣ್ವವೊಂದು ಪೆಪ್‌ಸ್ಟ್ಯಾಟಿನ್‌ಗೆ ಮಣಿದರೆ, ಅದು ಪೆಪ್ಸಿನ್ನಿನ ಮನೆತನದ್ದೆಂದು ಊಹಿಸಲು ಬಲವಾದ ಆಧಾರ ದೊರೆತಂತಾಯಿತು.

ಏಡ್ಸ್ ರೋಗದ ವೈರಸ್ಸಿಗೆ ತನ್ನ ಪ್ರೋಟೀನುಗಳನ್ನು ಕತ್ತರಿಸಿ ಹೊಂದಿಸಿಕೊಳ್ಳಲು ಒಂದು ಕಿಣ್ವವು ಅವಶ್ಯಕ. ಅದೂ ಪೆಪ್‌ಸ್ಟ್ಯಾಟಿನ್‌ಗೆ ಮಣಿಯುವುದೆಂದು 1988ರಲ್ಲಿ ತಿಳಿದುಬಂದಿತು. ಶತ್ರುವಿನ ಕುಲ ತಿಳಿದ ಮೇಲೆ ಆಯುಧವನ್ನು ಹೂಡುವುದು ಸುಲಭವಲ್ಲವೆ? ಕ್ಷಣಕಾಲದ ಆ ಆಕಾರವನ್ನು ಅನುಕರಿಸುವ ತತ್ತ್ವದ ಮೇಲೆಯೇ ರಚಿತವಾದ ಸಕ್ವಿನಾವಿರ್ ಎಂಬ ಔಷಧಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದೇ ಜಾತಿಯ ಇತರ ಔಷಧಗಳೂ ಅದನ್ನು ಹಿಂಬಾಲಿಸಿ, ಅಸಂಖ್ಯ ರೋಗಿಗಳ ಆಯುಷ್ಯವನ್ನು ಹೆಚ್ಚಿಸಿದವು.

ಪೆಪ್‌ಸ್ಟ್ಯಾಟಿನ್ ಮಾತ್ರ ತಾನೇ ಔಷಧವಾಗಲಿಲ್ಲ. ಅದು ನೀರಿನಲ್ಲಿ ಸರಿಯಾಗಿ ಕರಗದು, ಜೀವಕೋಶದೊಳಕ್ಕೆ ಸುಲಭವಾಗಿ ನುಗ್ಗದು. ಆದರೂ ಪ್ರಯೋಗಶಾಲೆಯ ಪುಟ್ಟ ಸೀಸೆಯಲ್ಲಿದ್ದುಕೊಂಡೇ ಅದು ಔಷಧಗಳಿಗೆ ದಾರಿ ತೋರಿತು. ತಡೆಯುವುದರಿಂದಲೂ ತಿಳಿವು ದೊರೆಯುತ್ತದೆಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.