ಕೂದಲೆಳೆಯ ಅಂತರ: ಹಳೇ ಕಾರಿನ ಚಕ್ರದ ಬೇರಿಂಗ್ ಕಥೆ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಸದ್ದಿನಿಂದ.

ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ ಅಕ್ಸ್‌ಬ್ರಿಡ್ಜ್ ಇದೆ. ಪಿಕಡಿಲಿ ಮತ್ತು ಮೆಟ್ರೊಪಾಲಿಟನ್ ಲೈನಿನ ರೈಲುಗಳು ಬಂದು ಕೊನೆಗೊಳ್ಳುವ ಊರು. ಅಲ್ಲಿ ನಮ್ಮ ಗೆಳೆಯರೊಬ್ಬರ ಹತ್ತಿರ 1971ರ ಎಂಜಿಬಿ ಕಾರಿದೆ. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ ಅದು. ಒಂದು ಭಾನುವಾರ ಎ40 ರಸ್ತೆಯಲ್ಲಿ ಹೋಗುವಾಗ ಮುಂದಿನ ಚಕ್ರದಿಂದ 'ಗುಂಯ್' ಅಂತ ಸದ್ದು ಕೇಳಿಸಿತು. ಬಲಕ್ಕೆ ತಿರುಗಿದರೆ ಜೋರು, ಎಡಕ್ಕೆ ತಿರುಗಿದರೆ ಮೆಲ್ಲಗೆ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಗಡೆಗೆ ವಾಲುತ್ತೆ ಅಲ್ವಾ? ಹಾಗಾಗಿ ಗುಮಾನಿ ಬಿದ್ದದ್ದು ಎಡ ಚಕ್ರದ ಬೇರಿಂಗ್ ಮೇಲೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಬ್ರಿಟನ್ನಿನಲ್ಲಿ ಕಾರುಗಳಿಗೆ ಎಂಒಟಿ ಅನ್ನೋ ವಾರ್ಷಿಕ ಸುರಕ್ಷತಾ ಪರೀಕ್ಷೆ ಇದೆ. 2018ರ ಮೇ 20ರಿಂದ, 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ಕಾರುಗಳಿಗೆ ಅದು ಕಡ್ಡಾಯವಲ್ಲ. ಆದರೆ ಕಾರು ರಸ್ತೆಗೆ ಯೋಗ್ಯವಾಗಿರಬೇಕು ಅನ್ನೋ ಹೊಣೆ ಮಾಲೀಕರದ್ದೇ. ಅಂದರೆ ಈ ಚಕ್ರವನ್ನು ಅಲುಗಾಡಿಸಿ ನೋಡುವ ಪರೀಕ್ಷಕರು ಬೇರೆ ಯಾರೂ ಇಲ್ಲ. ನಾವೇ.

ಕಾರನ್ನು ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಕಳಚಿದೆವು. ಬ್ರೇಕಿನ ಧೂಳನ್ನು ಊದಲಿಲ್ಲ. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಅದರ ರಬ್ಬರ್ ಕೊಳವೆಗೆ ಭಾರ ಬೀಳದ ಹಾಗೆ ತಂತಿಯಲ್ಲಿ ಕಟ್ಟಿದೆವು. ಆಮೇಲೆ ಗ್ರೀಸ್ ಮುಚ್ಚಳ, ಅದರ ಹಿಂದೆ ಒಂದು ಸ್ಪ್ಲಿಟ್ ಪಿನ್. ಎತ್ತಿನ ಗಾಡಿ ನೋಡಿದವರಿಗೆ ಇದು ಹೊಸದಲ್ಲ. ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯ ಮೊಮ್ಮಗ ಅದು.

ಹಬ್ ಹೊರಗೆ ಬಂದಾಗ ಕಾರಣ ಕಣ್ಣಿಗೇ ಕಂಡಿತು. ಹಬ್ಬಿನ ಒಳಬದಿಯಲ್ಲಿ ಒಂದು ರಬ್ಬರ್ ಸೀಲ್ ಇರುತ್ತೆ. ಅದರ ತುಟಿ ಒಣಗಿ ಗಟ್ಟಿಯಾಗಿತ್ತು. ಅಲ್ಲಿಂದ ನೀರು ನುಗ್ಗಿ, ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಉರುಳೆಗಳು ಓಡುವ ಉಕ್ಕಿನ ದಾರಿಯಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿಗಳು. ಚಕ್ರ ಒಂದು ಕಿಲೋಮೀಟರಿಗೆ ಸುಮಾರು 500 ಸುತ್ತು ಹಾಕುತ್ತೆ. ಪ್ರತಿ ಸುತ್ತಿನಲ್ಲೂ ಉರುಳೆಗಳು ಒಂದರ ಹಿಂದೆ ಒಂದು ಆ ಗುಳಿಗಳನ್ನು ಹಾಯುತ್ತವೆ. ಆ 'ಗುಂಯ್' ಸದ್ದು ಅದೇ. ಕೆಟ್ಟಿದ್ದು ಬೇರಿಂಗ್, ಕೆಡಿಸಿದ್ದು ಸೀಲ್.

ಜೀವಶಾಸ್ತ್ರ ಓದಿದ ನಮಗೆ ಇಲ್ಲಿ ಮೊಣಕಾಲು ನೆನಪಾಯಿತು. ಗಾಡಿಯ ಅಚ್ಚಿಗೆ ಹಾಕೋದು ಕೀಲೆಣ್ಣೆ, ಮೂಳೆಗಳು ಸೇರುವಲ್ಲಿರೋದೂ ಕೀಲು. ಅಲ್ಲೂ ನುಣುಪಾದ ಮೇಲ್ಮೈ, ಜಾರುವ ದ್ರವ, ಆ ದ್ರವವನ್ನು ಒಳಗೇ ಹಿಡಿದಿಡುವ ಒಂದು ಚೀಲ ಇವೆ. ವ್ಯತ್ಯಾಸ ಒಂದೇ: ಮೃದ್ವಸ್ಥಿಗೆ ರಕ್ತನಾಳವಿಲ್ಲ, ಸವೆದರೆ ಸರಿಯಾಗಿ ಮತ್ತೆ ಬೆಳೆಯೋದಿಲ್ಲ. ಕಾರಿಗೆ ಅಂಗಡಿಯಲ್ಲಿ ಹೊಸದು ಸಿಗುತ್ತೆ.

ಎಂಜಿಬಿಯ ಮುಂದಿನ ಪ್ರತಿ ಹಬ್ಬಿನಲ್ಲಿ ಎರಡು ಟೇಪರ್ ರೋಲರ್ ಬೇರಿಂಗ್ ಇವೆ. ಇವುಗಳ ಉರುಳೆಗಳು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಯಾಕೆ ಹಾಗೆ? ಬಾಯಿ ಅಗಲವಾಗಿ ಬುಡ ಕಿರಿದಾಗಿರುವ ಸ್ಟೀಲ್ ಲೋಟವನ್ನು ನೆಲದ ಮೇಲೆ ಮಲಗಿಸಿ ತಳ್ಳಿ ನೋಡಿ. ನೇರವಾಗಿ ಹೋಗಲ್ಲ, ವೃತ್ತ ಹಾಕುತ್ತೆ. ಅದೇ ರೀತಿ ಈ ಉರುಳೆಗಳು ಜಾರದೆ, ಉಜ್ಜದೆ ಅಚ್ಚಿನ ಸುತ್ತ ಉರುಳುತ್ತವೆ. ಮೇಲಿನ ಭಾರವನ್ನೂ ಹೊರುತ್ತವೆ, ತಿರುವಿನಲ್ಲಿ ಬರುವ ಪಕ್ಕದ ನೂಕನ್ನೂ ತಡೆಯುತ್ತವೆ. ಅಮೆರಿಕದ ಸಾರೋಟು ತಯಾರಕ ಹೆನ್ರಿ ಟಿಮ್‌ಕೆನ್ ಇಂಥ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದರು.

ಹಳೆಯ ಉಕ್ಕಿನ ಬಳೆಗಳನ್ನು ತಟ್ಟಿ ತೆಗೆದೆವು. ಹೊಸ ಬಳೆಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟಿದ್ದೆವು. ತಣ್ಣಗಾದ ಉಕ್ಕು ತುಸು ಕುಗ್ಗುತ್ತೆ, ಸುಲಭವಾಗಿ ಕೂರುತ್ತೆ. ಅಂಗೈಯಲ್ಲಿ ಗ್ರೀಸ್ ಹಿಡಿದು ಉರುಳೆಗಳ ಮಧ್ಯೆ ಒತ್ತಿ ತುಂಬಿದೆವು. ಹೊಸ ಸೀಲಿನ ತುಟಿ ಬೇರಿಂಗಿನ ಕಡೆ ಮುಖ ಮಾಡಿರಬೇಕು. ತಿರುಗಾ ಮುರುಗಾ ಆದರೆ ಗ್ರೀಸ್ ಹೊರಗೆ ಬಂದು ಬ್ರೇಕ್ ಡಿಸ್ಕಿಗೆ ಮೆತ್ತಿಕೊಳ್ಳಬಹುದು. ಆಮೇಲೆ ಬ್ರೇಕ್ ಒತ್ತಿದರೆ ಕಾರು ನಿಲ್ಲುತ್ತೆ ಅನ್ನೋ ಭರವಸೆ ಇಲ್ಲ.

ಇಷ್ಟರವರೆಗೆ ಎಲ್ಲಾ ಸರಿಯಾಗಿತ್ತು. ನಟ್ಟು ಬಿಗಿದೆವು. ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲುಗಾಡಿಸಿದೆವು. ಒಂಚೂರೂ ಅಲುಗಾಡಲಿಲ್ಲ. 'ಕಲ್ಲಿನ ಹಾಗಿದೆ' ಅಂತ ಖುಷಿಪಟ್ಟೆವು. ತಿರುಗಿಸುವಾಗ ಸ್ವಲ್ಪ ಬಿಗಿ ಅನ್ನಿಸಿತು, ಹೊಸ ಗ್ರೀಸ್ ಇರಬೇಕು ಅಂದುಕೊಂಡೆವು. ಐದು ಮೈಲಿ ಓಡಿಸಿ ಬಂದು ನೋಡಿದರೆ ಬಲಗಡೆಯ ಹಬ್ ಬೆಚ್ಚಗಿದೆ, ಎಡಗಡೆಯದು ಕೈ ಇಡಲಾಗದಷ್ಟು ಸುಡುತ್ತಿದೆ.

ತಪ್ಪು ನಮ್ಮದೇ. ಗ್ರೀಸ್ ಒರೆಸಿದ ಬಟ್ಟೆ ಬಿಡಿಸಿದಾಗ ಅದಕ್ಕೆ ಅಂಟಿಕೊಂಡಿದ್ದ ಒಂದು ಷಿಮ್ ಸಿಕ್ಕಿತು. ಷಿಮ್ ಅಂದರೆ ತೆಳ್ಳನೆಯ ಲೋಹದ ಬಿಲ್ಲೆ. ಇದರ ದಪ್ಪ 0.13 ಮಿಲಿಮೀಟರ್. ಎಂಜಿಬಿಯಲ್ಲಿ ಎರಡು ಬೇರಿಂಗ್‌ಗಳ ನಡುವೆ ಒಂದು ಗಟ್ಟಿ ಕೊಳವೆ ಮತ್ತು ಇಂಥ ಕೆಲವು ಷಿಮ್‌ಗಳು ಇರುತ್ತವೆ. ನಟ್ಟಿನ ಬಿಗಿತವನ್ನು ಅವು ಹೊರುತ್ತವೆ. ಬೇರಿಂಗಿಗೆ ಎಷ್ಟು ಸಡಿಲ ಸಿಗಬೇಕು ಅನ್ನೋದನ್ನ ನಿರ್ಧರಿಸೋದು ಷಿಮ್, ನಟ್ಟಲ್ಲ. ಇರಬೇಕಾದ ಸಡಿಲ 0.05ರಿಂದ 0.10 ಮಿಲಿಮೀಟರ್. ನಿಜವಾಗಿಯೂ ಒಂದು ಕೂದಲೆಳೆಯ ಅಂತರ. ನಾವು ಬಿಟ್ಟ ಷಿಮ್ ಅದಕ್ಕಿಂತ ದಪ್ಪ. ಅಂದಮೇಲೆ ಸಂದು ಉಳಿದಿರಲೇ ಇಲ್ಲ, ಉರುಳೆಗಳು ಇಕ್ಕಳದಲ್ಲಿ ಸಿಕ್ಕಿದ್ದವು.

ಬಿಗಿಯಾಗಿದ್ದರೆ ಭದ್ರ ಅನ್ನೋದು ನಮ್ಮ ಸಹಜ ನಂಬಿಕೆ. ಬೇರಿಂಗಿನ ಲೆಕ್ಕ ಬೇರೆ. ಓಡುವಾಗ ಅದು ಬಿಸಿಯಾಗಿ ಹಿಗ್ಗುತ್ತೆ. ಹಿಗ್ಗಲು ಜಾಗ ಇಲ್ಲದಿದ್ದರೆ ಒತ್ತಡ ಏರುತ್ತೆ, ಒತ್ತಡದಿಂದ ಇನ್ನಷ್ಟು ಬಿಸಿ, ಬಿಸಿಯಿಂದ ಇನ್ನಷ್ಟು ಹಿಗ್ಗು. ಗ್ರೀಸ್ ತೆಳುವಾಗಿ ಹರಿದುಹೋಗುತ್ತೆ. ಕೊನೆಗೆ ಬೇರಿಂಗ್ ಕಚ್ಚಿಕೊಂಡು ಹೆದ್ದಾರಿಯಲ್ಲೇ ಚಕ್ರ ನಿಲ್ಲಬಹುದು, ಅಚ್ಚೇ ಮುರಿಯಬಹುದು.

ಮತ್ತೆ ಬಿಚ್ಚಿದೆವು. ಉರುಳೆಗಳು ನೀಲಿ ಬಣ್ಣಕ್ಕೆ ತಿರುಗಿರಲಿಲ್ಲ, ಬಚಾವ್. ಈ ಸಲ ಬೇಕೆಂದೇ ಹೆಚ್ಚು ಷಿಮ್ ಹಾಕಿ ಜೋಡಿಸಿ, ಹಬ್ಬನ್ನು ಒಳಗೆ ಹೊರಗೆ ಎಳೆದು ಡಯಲ್ ಗೇಜಿನಲ್ಲಿ ಅಳೆದೆವು. ಹೆಚ್ಚಾದಷ್ಟು ದಪ್ಪದ ಷಿಮ್ ತೆಗೆದು ಮತ್ತೆ ಅಳೆದೆವು: 0.08. ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಚಿದೆವು. ಮತ್ತೆ ಐದು ಮೈಲಿ. ಎರಡೂ ಹಬ್ ಒಂದೇ ಬಿಸುಪು, ಸದ್ದಿಲ್ಲ.

ಈ ಅಳತೆ ಎಂಜಿಬಿಗೆ ಮಾತ್ರ. ಕೆಲವು ಹಳೇ ಕಾರುಗಳಲ್ಲಿ ಷಿಮ್ ಇರಲ್ಲ, ನಟ್ಟು ಬಿಗಿದು ತುಸು ಹಿಂದಕ್ಕೆ ತಿರುಗಿಸಬೇಕು. ಇವತ್ತಿನ ಹೆಚ್ಚಿನ ಕಾರುಗಳಲ್ಲಿ ಇಡೀ ಹಬ್ಬೇ ಬದಲು. ನಿಮ್ಮ ಕಾರಿನ ಕೈಪಿಡಿ ಹೇಳಿದಂತೆ ಮಾಡಿ. ಕಾರಿಲ್ಲದವರು ಊರಿನ ಸೈಕಲ್ ಶಾಪಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹಬ್ಬಿನ ಕೋನ್ ಬಿಗಿದು, ಒಂಚೂರು ಸಡಿಲಿಸಿ, ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳ್ತಾರಲ್ಲ, ನಮಗೆ ಎರಡನೇ ಸಲ ಬಿಚ್ಚಿದ ಮೇಲೆ ಗೊತ್ತಾದದ್ದು ಅವರ ಕೈಗೆ ಮೊದಲೇ ಗೊತ್ತು.